ಸಣ್ಣ ಕೌಂಟಿಯ ದೊಡ್ಡ ಬೌಲರ್

ಒಂದೇ ಟೆಸ್ಟ್ ಸರಣಿಯಲ್ಲಿ 49 ವಿಕೆಟ್! 1913-14ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಸ್ಥಾಪನೆಯಾದ ಈ ದಾಖಲೆಯನ್ನು ಶತಮಾನ ಕಳೆದರೂ ಯಾರೂ ಮುರಿದಿಲ್ಲ. ಇದನ್ನು ಸಾಧಿಸಿದ ಇಂಗ್ಲೆಂಡಿನ ಸಿಡ್ನಿ ಬಾರ್ನ್ಸ್ ಆಗ ಯಾವ ಪ್ರಥಮ ದರ್ಜೆ ಕೌಂಟಿಯ ಪರವಾಗಿಯೂ ಆಡುತ್ತಿರಲಿಲ್ಲ ಎಂಬುದು ಇನ್ನೂ ಅಚ್ಚರಿಯ ಸಂಗತಿ. ಅವರದು ಸ್ಟಾಫರ್ಡ್‌ಷೈರ್, ಅದೊಂದು 'ಮೈನರ್ ಕೌಂಟಿ'.

ಏನಿದು ಮೈನರ್ ಕೌಂಟಿ? ಪ್ರಥಮ ದರ್ಜೆಯ ಮಾನ್ಯತೆ ಇಲ್ಲದ ಕೌಂಟಿಗಳಿಗೆ ಇಂಗ್ಲೆಂಡಿನಲ್ಲಿದ್ದ ಹೆಸರು ಇದು. ಇವುಗಳ ಚಾಂಪಿಯನ್‌ಷಿಪ್ 1895ರಲ್ಲಿ ಆರಂಭವಾಯಿತು. ಇಲ್ಲಿ ಪಡೆದ ವಿಕೆಟ್ ಪ್ರಥಮ ದರ್ಜೆಯ ಲೆಕ್ಕಕ್ಕೆ ಸೇರುವುದಿಲ್ಲ. 2020ರಲ್ಲಿ ಇವುಗಳಿಗೆ 'ನ್ಯಾಷನಲ್ ಕೌಂಟಿ' ಎಂದು ಮರುನಾಮಕರಣವಾಯಿತು.

ಬಾರ್ನ್ಸ್ 1873ರಲ್ಲಿ ಸ್ಮೆದಿಕ್‌ನಲ್ಲಿ ಜನಿಸಿದರು. ಪ್ರಥಮ ದರ್ಜೆಯಲ್ಲಿ ಬೆರಳೆಣಿಕೆಯಷ್ಟು ಪಂದ್ಯ ಆಡಿದ್ದ ಅವರನ್ನು ನಾಯಕ ಆರ್ಚಿ ಮೆಕ್‌ಲಾರೆನ್ 1901ರಲ್ಲಿ ಆಸ್ಟ್ರೇಲಿಯ ಪ್ರವಾಸಕ್ಕೆ ಆರಿಸಿದಾಗ ಹುಬ್ಬೇರಿಸಿದವರೇ ಹೆಚ್ಚು. ಸಿಡ್ನಿಯ ಮೊದಲ ಟೆಸ್ಟ್‌ನಲ್ಲೇ ಇನಿಂಗ್ಸ್‌ವೊಂದರಲ್ಲಿ 5 ವಿಕೆಟ್ ಕಿತ್ತು ಅವರು ಉತ್ತರ ಕೊಟ್ಟರು. ಮುಂದೆ ಲ್ಯಾಂಕಷೈರ್ ಪರ 1903ರಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಪಡೆದರು. ಆದರೆ ಷರತ್ತುಗಳ ವಿಚಾರದಲ್ಲಿ ಮಾತು ಕುದುರದೆ, ಆ ಋತುವಿನ ಕೊನೆಗೆ ಕೌಂಟಿಯನ್ನೇ ಬಿಟ್ಟರು.

ಅವರ ನಿರ್ಧಾರಕ್ಕೆ ಕಾರಣ ಸರಳ. ವೃತ್ತಿಪರ ಆಟಗಾರನಿಗೆ ಕೌಂಟಿ ಎಂದರೆ ಬೇಸಿಗೆ ಪೂರ್ತಿ ದುಡಿತ. ಚಳಿಗಾಲದಲ್ಲಿ ಹೊಟ್ಟೆಪಾಡಿನ ಚಿಂತೆ. ಲೀಗ್ ಕ್ಲಬ್ ಸೇರಿದರೆ ಶನಿವಾರ ಆಡಿ ಒಳ್ಳೆಯ ಸಂಭಾವನೆ ಪಡೆಯಬಹುದು, ಉಳಿದ ದಿನ ಬೇರೆ ನೌಕರಿ ಮಾಡಬಹುದು. ಬಾರ್ನ್ಸ್ ಕಲ್ಲಿದ್ದಲು ಗಣಿಯೊಂದರ ಕಚೇರಿಯಲ್ಲಿ ಗುಮಾಸ್ತರಾದರು. ಲೀಗ್ ಜತೆಗೆ ತವರು ಸ್ಟಾಫರ್ಡ್‌ಷೈರ್‌ಗೂ ಆಡತೊಡಗಿದರು. ಆ ಕೌಂಟಿಗೆ ಅವರು ಪಡೆದ ವಿಕೆಟ್‌ಗಳು 1,441. ಸರಾಸರಿ ಕೇವಲ 8.15!

ದೊಡ್ಡ ಕೌಂಟಿ ಬಿಟ್ಟರೂ ಇಂಗ್ಲೆಂಡ್ ಅವರನ್ನು ಬಿಡಲಿಲ್ಲ. ಒಳ್ಳೆಯ ವೇಗದಲ್ಲಿ ಚೆಂಡನ್ನು ಎರಡೂ ಕಡೆ ತಿರುಗಿಸಬಲ್ಲವರು ಮತ್ತೊಬ್ಬರಿರಲಿಲ್ಲ. 1911ರ ಡಿಸೆಂಬರ್ 30ರಂದು ಮೆಲ್ಬರ್ನ್‌ನಲ್ಲಿ ಮೊದಲ 11 ಓವರುಗಳಲ್ಲಿ 6 ರನ್ ಕೊಟ್ಟು 5 ವಿಕೆಟ್ ಉರುಳಿಸಿದರು. 1913ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ 159 ರನ್‌ಗಳಿಗೆ 17 ವಿಕೆಟ್. ಆದರೆ ಅದೇ ಸರಣಿಯ ಕೊನೆಯ ಟೆಸ್ಟ್ ಅವರು ಆಡಲಿಲ್ಲ. ಹಣಕಾಸಿನ ವಿಚಾರದಲ್ಲಿ ಮನಸ್ತಾಪ ಉಂಟಾಗಿತ್ತು. ಹಾಗಾಗಿ 49 ವಿಕೆಟ್‌ಗಳೂ ನಾಲ್ಕೇ ಟೆಸ್ಟ್‌ಗಳಲ್ಲಿ ಬಂದವು! ಅಲ್ಲಿಗೆ ಅವರ ಟೆಸ್ಟ್ ಜೀವನವೂ ಮುಗಿಯಿತು: 27 ಪಂದ್ಯ, 189 ವಿಕೆಟ್, ಸರಾಸರಿ 16.43.

ಆಟವನ್ನು ಮಾತ್ರ ಬಿಡಲಿಲ್ಲ. 1928ರಲ್ಲಿ, 55ರ ವಯಸ್ಸಿನಲ್ಲಿ, ವೇಲ್ಸ್ ಪರ ಆಡಿ ಪ್ರವಾಸಿ ವೆಸ್ಟ್ ಇಂಡೀಸ್‌ನ 12 ವಿಕೆಟ್ ಪಡೆದರು. ಸ್ಟಾಫರ್ಡ್‌ಷೈರ್‌ಗೆ 1935ರವರೆಗೂ ಆಡಿದರು. ಅವರ ಕೈಬರಹವೂ ಮುತ್ತಿನಂತಿತ್ತು. ಕೌಂಟಿ ಆಡಳಿತಕ್ಕೆ ದಸ್ತಾವೇಜುಗಳನ್ನು ಬರೆದುಕೊಡುತ್ತಿದ್ದರು.

ಹಣಕ್ಕಾಗಿ ಜಗಳವಾಡುವ ಮುಂಗೋಪಿ ಎಂಬ ಹಣೆಪಟ್ಟಿ ಬಾರ್ನ್ಸ್‌ಗೆ ಕೊನೆಯವರೆಗೂ ಅಂಟಿಕೊಂಡಿತ್ತು. ಸಂಬಳಕ್ಕೆ ಆಡುವವರನ್ನು 'ಪ್ಲೇಯರ್' ಎಂದೂ, ಹವ್ಯಾಸಕ್ಕೆ ಆಡುವವರನ್ನು 'ಜಂಟಲ್‌ಮನ್' ಎಂದೂ ವಿಂಗಡಿಸುತ್ತಿದ್ದ ಕಾಲ ಅದು. ಆ ಭೇದ ರದ್ದಾದದ್ದು 1962ರಲ್ಲಿ. ಬಾರ್ನ್ಸ್ ತೀರಿಕೊಂಡದ್ದು 1967ರಲ್ಲಿ. ತನ್ನ ದುಡಿಮೆಯ ಬೆಲೆ ತಾನೇ ಕಟ್ಟುವೆನೆಂದು ಅವರು ಹಟ ಹಿಡಿದಾಗ ಅದು ಉದ್ಧಟತನ ಎನಿಸಿತ್ತು. ಆಟಗಾರರನ್ನು ಹರಾಜಿನಲ್ಲಿ ಕೊಳ್ಳುವ ಈ ಕಾಲದಲ್ಲಿ ಹಾಗೆ ಹೇಳುವವರು ಯಾರು?