ಪರಿಹಾರಧನಕ್ಕೆ ನಿಲುಕದ ನೋವು

1981ರ ಫೆಬ್ರುವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಸತ್ತವರ ಲೆಕ್ಕ ಸರ್ಕಾರದ ಕಡತ ಸೇರಿತು. ಉಳಿದವರ ದುಃಖವನ್ನು ಅಧ್ಯಯನ ಮಾಡಿದವರು ಅದೇ ನಗರದ ನಿಮ್ಹಾನ್ಸ್ ತಜ್ಞರು. ದುರಂತ ಮನಸ್ಸಿಗೆ ಮಾಡುವ ಗಾಯವನ್ನು ಭಾರತದಲ್ಲಿ ಶಾಸ್ತ್ರೀಯವಾಗಿ ಗಮನಿಸಿದ ಮೊದಮೊದಲ ಪ್ರಯತ್ನಗಳಲ್ಲಿ ಇದೂ ಒಂದು.

ಆದರೆ ಅಧ್ಯಯನ ಬೇರೆ, ಆರೈಕೆ ಬೇರೆ. ಇದು ಅರಿವಾದದ್ದು ಭೋಪಾಲದಲ್ಲಿ. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ವಿಷಾನಿಲ ಸೋರಿ ಸಾವಿರಾರು ಜನ ಸತ್ತರು. ಕಣ್ಣು, ಶ್ವಾಸಕೋಶಗಳ ಚಿಕಿತ್ಸೆಗೆ ವೈದ್ಯರೇನೋ ಧಾವಿಸಿದರು. ನಿದ್ದೆ ಬಾರದೆ, ಸಣ್ಣ ಸದ್ದಿಗೂ ಬೆಚ್ಚಿಬೀಳುತ್ತಿದ್ದವರನ್ನು ನೋಡಲು ಮನೋವೈದ್ಯರು ಇರಲಿಲ್ಲ. ಮರುವರ್ಷ ಅಲ್ಲಿನ ಚಿಕಿತ್ಸಾಲಯಗಳಿಗೆ ಬಂದವರನ್ನು ಲಖನೌ ತಜ್ಞರು ಪರೀಕ್ಷಿಸಿದಾಗ ನೂರಕ್ಕೆ ಸುಮಾರು 22 ಮಂದಿಯಲ್ಲಿ ಮಾನಸಿಕ ತೊಂದರೆ ಕಂಡುಬಂತು.

ಇಷ್ಟು ಜನರಿಗೆ ತಜ್ಞರನ್ನು ಎಲ್ಲಿಂದ ತರುವುದು? ನಿಮ್ಹಾನ್ಸ್‌ನ ಡಾ. ಆರ್. ಶ್ರೀನಿವಾಸಮೂರ್ತಿ ಮತ್ತು ಸಹೋದ್ಯೋಗಿಗಳು ಭೋಪಾಲದ ಸಾಮಾನ್ಯ ವೈದ್ಯರಿಗೇ ತರಬೇತಿ ಕೊಟ್ಟರು. ಈ ಯೋಚನೆಯ ಬೇರು ಕರ್ನಾಟಕದಲ್ಲೇ ಇತ್ತು. 1970ರ ದಶಕದಲ್ಲಿ ಬೆಂಗಳೂರು ಸಮೀಪದ ಸಕಲವಾರದಲ್ಲಿ, ಮಾನಸಿಕ ಕಾಯಿಲೆಯನ್ನು ಗುರುತಿಸುವುದನ್ನು ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ಕಲಿಸಿ ನೋಡಲಾಗಿತ್ತು. 1980ರ ದಶಕದಲ್ಲಿ ಆ ಪ್ರಯೋಗ ಇಡೀ ಬಳ್ಳಾರಿ ಜಿಲ್ಲೆಗೆ ವಿಸ್ತರಿಸಿತು.

1999ರ ಒಡಿಶಾ ಚಂಡಮಾರುತ, 2001ರ ಗುಜರಾತ್ ಭೂಕಂಪ, 2004ರ ಸುನಾಮಿಯ ನಂತರ ಕೆಲಸ ಇನ್ನಷ್ಟು ತಳಕ್ಕೆ ಇಳಿಯಿತು. ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು, ಊರಿನ ಯುವಕ-ಯುವತಿಯರು ತರಬೇತಿ ಪಡೆದರು. ಅವರು ಕಲಿತದ್ದು ದೊಡ್ಡ ವಿದ್ಯೆಯೇನಲ್ಲ. ನೊಂದವರ ಮಾತಿಗೆ ಕಿವಿಗೊಡುವುದು, ಅಳುವವರನ್ನು ಅಳಲು ಬಿಡುವುದು, ಮಕ್ಕಳಿಗೆ ಆಟ ಆಡಿಸಿ ಚಿತ್ರ ಬಿಡಿಸಲು ಹಚ್ಚುವುದು, ಪರಿಹಾರದ ಅರ್ಜಿ ತುಂಬಿಕೊಡುವುದು, ಚೇತರಿಕೆ ಕಾಣದವರನ್ನು ವೈದ್ಯರ ಬಳಿ ಕರೆದೊಯ್ಯುವುದು. ಹಾಗೆ ನೋಡಿದರೆ ಸಾವಿನ ಮನೆಗೆ ನೆರೆಹೊರೆಯವರು ಮಾಡುತ್ತಿದ್ದುದೂ ಇದನ್ನೇ. ಇಡೀ ನೆರೆಹೊರೆಯೇ ನೊಂದಾಗ ಆ ಕೆಲಸವನ್ನು ಮತ್ತೆ ಕಟ್ಟಬೇಕಾಗುತ್ತದೆ.

2009ರಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಈ ಕುರಿತು ಮಾರ್ಗಸೂಚಿ ಹೊರಡಿಸಿತು. ಅನ್ನ, ಬಟ್ಟೆ, ಸೂರಿನ ಸಾಲಿಗೆ ಮನಸ್ಸಿನ ಆರೈಕೆಯೂ ಸೇರಿತು. ಆದರೂ ಗಂಜಿ ಕೇಂದ್ರ ಮುಚ್ಚುವ ಹೊತ್ತಿಗೆ ಹೊರಗಿನ ತಂಡಗಳು ಹೊರಟುಬಿಡುತ್ತವೆ. ದುಃಖಕ್ಕೆ ಅಂಥ ಗಡುವಿಲ್ಲ. ಆಮೇಲೂ ಜೊತೆಗೆ ಇರುವವರು ಊರಿನವರೇ. ತರಬೇತಿ ಮೊದಲು ಸಿಗಬೇಕಾದದ್ದು ಅವರಿಗೆ, ಅದೂ ಮುಂದಿನ ದುರಂತಕ್ಕೆ ಮುನ್ನ.