ಅವ್ಯಕ್ತ ಅವಕಲನ

ಕ್ಷ, ಯ ಎರಡೂ ಹೆಣೆದುಕೊಂಡಿರುವ ಸಮೀಕರಣದಿಂದ ಯ-ವನ್ನು ಬಿಡಿಸದೆಯೇ ವಕ್ರರೇಖೆಯ ಒಂದು ಬಿಂದುವಿನಲ್ಲಿ ಸ್ಪರ್ಶಕದ ಇಳಿಜಾರನ್ನು ಕಂಡುಹಿಡಿಯುವ ವಿಧಾನ. ಕ್ಷ² + ಯ² = 25 ಎಂಬ ವೃತ್ತದ ಸಮೀಕರಣವನ್ನು ಪದಪದವಾಗಿ ಅವಕಲಿಸಿದರೆ 2ಕ್ಷ + 2ಯ·ಯ′ = 0, ಅಂದರೆ ಇಳಿಜಾರು ಯ′ = −ಕ್ಷ/ಯ. (3, 4) ಬಿಂದುವಿನಲ್ಲಿ ಇಳಿಜಾರು −3/4.

‘ಅವ್ಯಕ್ತ’ ಹಳೆಯ ಮಾತು. ಭಾಸ್ಕರಾಚಾರ್ಯರ ಕಾಲಕ್ಕೆ ಬೀಜಗಣಿತಕ್ಕೇ ಅವ್ಯಕ್ತಗಣಿತವೆಂಬ ಹೆಸರಿತ್ತು. ಅಲ್ಲಿ ಅವ್ಯಕ್ತವೆಂದರೆ ತಿಳಿಯದ ರಾಶಿ. 1150ರ ‘ಸಿದ್ಧಾಂತ ಶಿರೋಮಣಿ’ಯಲ್ಲಿ ಗ್ರಹದ ತಾತ್ಕಾಲಿಕ ಗತಿಯನ್ನು ಲೆಕ್ಕಹಾಕುವಾಗ, ಜ್ಯಾದ (ಸೈನ್) ಸೂಕ್ಷ್ಮ ಏರಿಳಿತ ಕೋಟಿಜ್ಯಾಕ್ಕೆ (ಕೊಸೈನ್) ಅನುಗುಣವೆಂದು ಅವರು ಬಳಸಿಕೊಂಡರು. ಅವಕಲನದ ಹೊಳಹು ಇದರಲ್ಲಿ ನಿಚ್ಚಳ. ಆದರೆ ಇದನ್ನೇ ಅವ್ಯಕ್ತ ಅವಕಲನವೆಂದರೆ ಅತಿಯಾದೀತು. ಸ್ಪರ್ಶಕದ ಪ್ರಶ್ನೆ ಅವರ ಮುಂದಿರಲಿಲ್ಲ.

ಆ ಪ್ರಶ್ನೆ ಬಿಸಿಯೇರಿದ್ದು 17ನೆಯ ಶತಮಾನದ ಫ್ರಾನ್ಸಿನಲ್ಲಿ. ಗಣಿತಜ್ಞ ಫರ್ಮಾನ ಸ್ಪರ್ಶಕ ವಿಧಾನವನ್ನು ನಂಬದ ದೆಕಾರ್ತ್, 1638ರಲ್ಲಿ ಒಂದು ವಕ್ರರೇಖೆಯನ್ನು ಒಡ್ಡಿ ಸವಾಲು ಹಾಕಿದ. ಇಂದಿನ ಬರವಣಿಗೆಯಲ್ಲಿ ಅದರ ಒಂದು ರೂಪ ಕ್ಷ³ + ಯ³ = 6·ಕ್ಷ·ಯ. ಫರ್ಮಾ ಸ್ಪರ್ಶಕವನ್ನು ಎಳೆದೇ ತೋರಿಸಿದ. ತಮಾಷೆಯೆಂದರೆ, ರೇಖೆಯ ಪೂರ್ತಿ ಆಕಾರ ಆಗ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಒಂದು ಎಸಳಿನಂಥ ಕುಣಿಕೆ ನಾಲ್ಕೂ ಪಾದಗಳಲ್ಲಿ ಮರಳುತ್ತದೆಂದು ಭಾವಿಸಿ ಗಣಿತಜ್ಞ ರೊಬರ್ವಾಲ್ ಅದನ್ನು ಮಲ್ಲಿಗೆ ಹೂವೆಂದ. ನಿಜಕ್ಕೆ ಇರುವುದು ಒಂದೇ ಎಸಳು. ಉಳಿದ ಎರಡು ಕವಲು ಅನಂತಕ್ಕೆ ಚಾಚುತ್ತವೆ. ಇಂದಿನ ವಿದ್ಯಾರ್ಥಿಗೆ ಈ ಸವಾಲು ಎರಡು ಸಾಲಿನ ಲೆಕ್ಕ: ಯ′ = (2ಯ − ಕ್ಷ²)/(ಯ² − 2ಕ್ಷ). (3, 3)ರಲ್ಲಿ ಇಳಿಜಾರು −1. (4/3, 8/3)ರಲ್ಲಿ 4/5. ಮೂಲಬಿಂದುವಿನಲ್ಲಿ ಮಾತ್ರ 0/0 ಬಂದು ಸೂತ್ರ ಕೈಕೊಡುತ್ತದೆ. ರೇಖೆ ತನ್ನನ್ನೇ ದಾಟುವ ಆ ಜಾಗದಲ್ಲಿ ಸ್ಪರ್ಶಕಗಳು ಎರಡು, ಎರಡು ಅಕ್ಷಗಳೇ.

ಬಹುಪದಿ ಸಮೀಕರಣಗಳಿಗೆಲ್ಲ ಹೊಂದುವ ಯಾಂತ್ರಿಕ ನಿಯಮವನ್ನು ಲೀಜ್ ನಗರದ ಪಾದ್ರಿ ಸ್ಲೂಸ್ ಕಂಡುಕೊಂಡ. ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆ ಅದನ್ನು 1673ರಲ್ಲಿ ಅಚ್ಚು ಹಾಕಿತು. ಅಂಥದೇ ನಿಯಮವನ್ನು ನ್ಯೂಟನ್ 1672ರ ಡಿಸೆಂಬರಿನಲ್ಲಿ ಗಣಿತಜ್ಞ ಕಾಲಿನ್ಸ್‌ಗೆ ಪತ್ರದಲ್ಲಿ ತಿಳಿಸಿದ್ದ. 1684ರಲ್ಲಿ ಲೈಬ್ನಿಟ್ಸ್ ಪ್ರಕಟಿಸಿದ ಸಂಕೇತಗಳು ಕೆಲಸವನ್ನು ಹಗುರಗೊಳಿಸಿದವು. ಯ-ವನ್ನು ಕ್ಷ-ದ ಫಲನವೆಂದು ಎಣಿಸುವ ಹಕ್ಕು ಎಲ್ಲಿಂದ ಬಂತೆಂಬುದಕ್ಕೆ ಸಾಮಾನ್ಯ ರೂಪದ ಉತ್ತರ ಕೊಟ್ಟವನು ಪೀಸಾದ ಉಲೀಸ್ಸೆ ದೀನಿ, 1870ರ ದಶಕದಲ್ಲಿ: ಯ′-ದ ಸೂತ್ರದಲ್ಲಿ ಛೇದ ಸೊನ್ನೆಯಾಗದ ಬಿಂದುವಿನ ಸುತ್ತ ಆ ಹಕ್ಕು ಉಂಟು.

ಕನ್ನಡಿಗರು ಇಂಥ ಗಣಿತವನ್ನು ಕಲಿತದ್ದು ಬೇರೆ ಬೇರೆ ಭಾಷೆಗಳಲ್ಲಿ. ಹೈದರಾಬಾದಿನಲ್ಲಿ 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಾಧ್ಯಮ ಆಗ ಉರ್ದುವಾಗಿತ್ತು. ಅದರ ಅನುವಾದ ವಿಭಾಗ ಗಣಿತವನ್ನೂ ಉರ್ದುವಿಗೆ ತಂದಿತು. ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರಗಿ, ಬೀದರ್, ರಾಯಚೂರಿನಿಂದ ಅಲ್ಲಿಗೆ ಹೋದ ಕನ್ನಡಿಗರು ಮೇಲ್ಗಣಿತವನ್ನು ಆ ಭಾಷೆಯಲ್ಲೇ ಕಲಿಯಬೇಕಿತ್ತು. ಇಂದು ವಿಜ್ಞಾನ ಪಿಯುಸಿ ನಡೆಯುವುದು ಹೆಚ್ಚಾಗಿ ಇಂಗ್ಲಿಷಿನಲ್ಲಿ. ಎರಡನೆಯ ವರ್ಷ ಈ ಪಾಠ ಓದುವವರ ಬಾಯಲ್ಲಿ ಅದು ‘ಇಂಪ್ಲಿಸಿಟ್ ಡಿಫರೆನ್ಶಿಯೇಷನ್’.