ಐರಣಿ ಕೋಟೆ ಮತ್ತು ಕೆಂಪಿನಾಚೆಯ ಬೆಳಕು

ನಮ್ಮ ರಾಣೆಬೆನ್ನೂರು ಕಡೆಯ ಇತಿಹಾಸದಲ್ಲಿ 1800 ಅಂದರೆ ಧೋಂಡಿಯಾ ವಾಘ್. ಚನ್ನಗಿರಿಯ ಈ ಮನುಷ್ಯ ಟಿಪ್ಪು ಸತ್ತ ಮೇಲೆ ಶ್ರೀರಂಗಪಟ್ಟಣದ ಸೆರೆಯಿಂದ ಹೊರಬಿದ್ದು ದಂಡು ಕಟ್ಟಿದ. ಅವನ ಬೆನ್ನು ಹತ್ತಿದ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಜೂನ್‌ನಲ್ಲಿ ಹರಿಹರದ ಹತ್ತಿರ ತುಂಗಭದ್ರೆ ದಾಟಿದ. ಐರಣಿ, ರಾಣೆಬೆನ್ನೂರು ಕೋಟೆಗಳು ಕಂಪನಿ ಕೈಸೇರಿದವು. ಸೆಪ್ಟೆಂಬರ್ 10ರ ಕಾಳಗದಲ್ಲಿ ಧೋಂಡಿಯಾ ಸತ್ತ.

ಅದೇ ವರ್ಷ ಇಂಗ್ಲೆಂಡಿನ ಸ್ಲೌ ಊರಲ್ಲಿ ವಿಲಿಯಂ ಹರ್ಷೆಲ್ ಬಿಸಿಲನ್ನು ಪಟ್ಟಕದಲ್ಲಿ ಹಾಯಿಸಿ, ಒಂದೊಂದು ಬಣ್ಣಕ್ಕೂ ಥರ್ಮಾಮೀಟರ್ ಹಿಡಿದ. ನೇರಳೆಗಿಂತ ಕೆಂಪು ಬಿಸಿ. ಕೆಂಪು ಮುಗಿದು ಏನೂ ಕಾಣದ ಜಾಗ ಇನ್ನೂ ಬಿಸಿ! ಇನ್ಫ್ರಾರೆಡ್ ಸಿಕ್ಕಿದ್ದು ಹೀಗೆ.

ಐರಣಿಗೂ ಇದಕ್ಕೂ ಏನ್ರೀ ಸಂಬಂಧ ಅಂತೀರಾ? ಆ ಜೂನ್ ರಾತ್ರಿಗಳ ಕತ್ತಲಲ್ಲಿ ಎರಡೂ ಕಡೆಯ ಸೈನಿಕರು, ಕುದುರೆಗಳು, ಹಗಲು ಕಾದ ಕೋಟೆಗೋಡೆ ಎಲ್ಲವೂ ಆ ಬೆಳಕನ್ನೇ ಸೂಸುತ್ತಿದ್ದವು. ನೋಡುವ ಕಣ್ಣು ಯಾರಿಗೂ ಇರಲಿಲ್ಲ, ಅಷ್ಟೇ.

ಬಿಸಿ ಅಂದರೆ ಅಣುಗಳ ಕುಣಿತ. ಅವುಗಳೊಳಗಿನ ವಿದ್ಯುತ್ ಕಣಗಳು ಹೀಗೆ ಅಲುಗಿದಾಗ ವಿದ್ಯುತ್ಕಾಂತೀಯ ಅಲೆ ಹೊರಡುತ್ತದೆ. ಕಮ್ಮಾರನ ಕಬ್ಬಿಣ ಸುಮಾರು 500 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಮಂದ ಕೆಂಪಾಗಿ ಕಾಣುತ್ತದೆ. ಅದಕ್ಕೆ ಮುಂಚೆಯೂ ಅದು ಬೆಳಕು ಬಿಡುತ್ತಲೇ ಇರುತ್ತದೆ, ನಮಗೆ ಕಾಣದು. ನಮ್ಮ ಮೈ ಬಿಡುವ ಅಲೆಯ ಉದ್ದ ಹೆಚ್ಚಾಗಿ 10 ಮೈಕ್ರಾನ್ ಆಸುಪಾಸು. ಕಣ್ಣಿನ ಮಿತಿ 0.7ರ ಹತ್ತಿರವೇ ಮುಗಿಯುತ್ತದೆ. ಎಷ್ಟು ಬಿಸಿಗೆ ಯಾವ ಅಲೆ ಎಷ್ಟು ಅನ್ನುವ ಲೆಕ್ಕವನ್ನು ಮ್ಯಾಕ್ಸ್ ಪ್ಲಾಂಕ್ ಕೊಟ್ಟಿದ್ದು 1900ರಲ್ಲಿ, ಹರ್ಷೆಲ್‌ನಿಂದ ಸರಿಯಾಗಿ ನೂರು ವರ್ಷಕ್ಕೆ. ಅಷ್ಟರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಲ್ಯಾಂಗ್ಲಿ ಕಾಲು ಮೈಲಿ ದೂರದ ಹಸುವಿನ ಮೈಬಿಸಿಯನ್ನೂ ಹಿಡಿಯಬಲ್ಲ ಬೋಲೋಮೀಟರ್ ಮಾಡಿದ್ದ.

2020ರಲ್ಲಿ ಈ ವಿದ್ಯೆ ನಮ್ಮ ಹಣೆಗೇ ಬಂತು. ಆಫೀಸ್ ಗೇಟಿನ ಟೆಂಪರೇಚರ್ ಗನ್ ಮೆದುಳಿಗೆ ಕೆಟ್ಟದ್ದು ಅಂತ ಕೈ ಮುಂದೆ ಮಾಡಿದವರೆಷ್ಟು ಜನ! ಅದು ಅಳೆಯುವುದಕ್ಕೆ ಮೈಯೊಳಗೆ ಏನನ್ನೂ ಕಳಿಸುವುದಿಲ್ಲ, ನಾವು ಬಿಡುವ ಬೆಳಕನ್ನು ಪಡೆಯುತ್ತದೆ. ಆದರೆ ಅದಕ್ಕೆ ಗೊತ್ತಾಗೋದು ಚರ್ಮದ ಬಿಸಿ ಮಾತ್ರ. ಬಿಸಿಲಲ್ಲಿ ನಡೆದು ಬಂದವನು ಅಲ್ಲಿ ನಿಲ್ಲಬೇಕಾಗುತ್ತದೆ, ಜ್ವರವಿಲ್ಲದ ಸೋಂಕಿತ ಒಳಗೆ ಹೋಗುತ್ತಾನೆ.

ಇವತ್ತು ಸೈನ್ಯಗಳ ಕೈಯಲ್ಲಿ ಥರ್ಮಲ್ ಕ್ಯಾಮೆರಾ ಇದೆ. ಐರಣಿಯಂಥ ಕೋಟೆಯ ಮೇಲೆ ಅದನ್ನು ಹಿಡಿದು ನಿಂತರೆ ಕತ್ತಲಲ್ಲೂ ಹೊಳೆದಂಡೆಯ ಮನುಷ್ಯ ಬೆಳ್ಳಗೆ ಕಾಣುತ್ತಾನೆ. ಅವನು ಧೋಂಡಿಯಾನ ಸವಾರನೋ, ತಪ್ಪಿಸಿಕೊಂಡ ಎಮ್ಮೆ ಹುಡುಕಿ ಬಂದ ರೈತನೋ ಅಂತ ಅದು ಹೇಳುವುದಿಲ್ಲ. ಗುಂಡು ಹಾರಿಸುವ ಮೊದಲು ಯಾರು ಅಂತ ಕೂಗಿ ಕೇಳುವ ಕೆಲಸ ಇನ್ನೂ ಮನುಷ್ಯನದೇ.